ಮಕ್ಕಳ ವಿಶ್ವಾಸಕ್ಕೆ ಒಡೆಯರಾರು?

ಅಮೇರಿಕದ ಸಾರ್ವಜನಿಕ ಪ್ರಸಾರ ನಿಗಮವು ೨೦೨೬ನೆಯ ಇಸವಿಯ ಜನವರಿ ತಿಂಗಳಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವ ನಿರ್ಣಯವನ್ನು ಕೈಕೊಂಡಿತು. ಅಧ್ಯಕ್ಷ ಲಿಂಡನ್ ಜಾನ್ಸನ್ನರು ೧೯೬೭ರ ನವೆಂಬರದಲ್ಲಿ ಸಹಿ ಮಾಡಿದ ಕಾಯದೆಯಿಂದ ಹುಟ್ಟಿ, ಅರುವತ್ತು ವರ್ಷಗಳ ಹತ್ತಿರ ಹತ್ತಿರ ಬಾಳಿದ ಸಂಸ್ಥೆಯು ಹೀಗೆ ತನ್ನ ಕದವನ್ನು ಮುಚ್ಚಲು ಹೊರಟಿತು. ಈ ವಾರ್ತೆಯ ಮೇಲೆ ನಡೆದ ಚರ್ಚೆಯು ಬಹುಮಟ್ಟಿಗೆ ಸುದ್ದಿಪ್ರಸಾರದ ಪಕ್ಷಪಾತವನ್ನೂ ಅಲ್ಲಿಯ ಎರಡು ರಾಜಕೀಯ ಪಕ್ಷಗಳ ಕಾದಾಟವನ್ನೂ ಸುತ್ತಿಕೊಂಡೇ ನಡೆಯಿತು. ದೊಡ್ಡವರ ಜಗಳದಲ್ಲಿ ಚಿಕ್ಕವರ ಗಂಟು ಹೋಗುತ್ತಿದೆಯೆಂಬುದನ್ನು ಗಮನಿಸಿದವರು ವಿರಳ. ದೂರದರ್ಶನದ ಕಥಾಮಾಲಿಕೆಗಳ ಆಧಾರದ ಮೇಲೆ ಎರಡರಿಂದ ಎಂಟು ವರ್ಷದ ಮಕ್ಕಳಿಗೆಂದು ರಚಿತವಾದ, ಅಕ್ಷರವನ್ನೂ ಎಣಿಕೆಯನ್ನೂ ನಡೆನುಡಿಯನ್ನೂ ಕಲಿಸುವ ಗಣಕಯಂತ್ರದ ಕಿರು ಆಟಗಳೇ ಆ ಗಂಟು. ಇಂದು ಅವುಗಳ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಕೂಸುಗಳ ಆಟದ ಮೇಲೆ ಅಗ್ರಲೇಖವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಅಳಿಗುಳಿ ಮಣೆಯ ಮುಂದೆ ಕುಳಿತು ಹುಣಿಸೆಬೀಜಗಳನ್ನು ಗುಳಿಯಿಂದ ಗುಳಿಗೆ ಹಂಚುತ್ತ ಕೂಡುವ ಕಳೆಯುವ ಲೆಕ್ಕಗಳನ್ನು ಕಲಿತ ನಾಡಿಗೆ, ಆಟವೂ ಒಂದು ಪಾಠಶಾಲೆಯೆಂಬುದನ್ನು ಹೇಳಿಕೊಡಬೇಕಾದುದಿಲ್ಲ. ಅಜ್ಜಿಯು ಆಡಿಸುತ್ತಿದ್ದ ಆ ಮಣೆಗೂ ಇಂದಿನ ಮಗುವಿನ ಕೈಯೊಳಗಿನ ಗಾಜಿನ ಹಲಗೆಗೂ ಒಂದು ದೊಡ್ಡ ಭೇದವುಂಟು. ಮಣೆಯ ಹಿಂದೆ ಅಜ್ಜಿಯಲ್ಲದೆ ಬೇರೆ ಯಾರೂ ಇರಲಿಲ್ಲ. ಗಾಜಿನ ಹಲಗೆಯ ಹಿಂದೆ ಮಗುವಿನ ಕಣ್ಣಿಗೆ ಬೀಳದವರು ಇದ್ದಾರೆ. ಅವರು ಗುರುಗಳೋ ವರ್ತಕರೋ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಆಟಗಳ ಮೂಲವನ್ನು ತಿಳಿಯಬೇಕಾದರೆ ೧೯೬೯ಕ್ಕೆ ಹೋಗಬೇಕು. ಆ ವರ್ಷದ ನವೆಂಬರ ೧೦ರಂದು 'ಸೆಸಮೀ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮವು ಅಮೇರಿಕದಲ್ಲಿ ಮೊದಲಾಯಿತು. ಜೋನ್ ಗಂಜ್ ಕೂನಿ ಎಂಬ ಮಹಿಳೆಯೂ ಲಾಯ್ಡ್ ಮಾರಿಸೆಟ್ ಎಂಬ ಮನಶ್ಶಾಸ್ತ್ರಜ್ಞರೂ ಕೂಡಿ ಇದನ್ನು ಕಲ್ಪಿಸಿದರು. ಶಿಶುವಿಹಾರಕ್ಕೆ ಕಳಿಸಲು ಶಕ್ತಿಯಿಲ್ಲದ ಬಡವರ ಮನೆಯಲ್ಲಿಯೂ ದೂರದರ್ಶನದ ಪೆಟ್ಟಿಗೆಯಿದೆ. ಸರಕು ಮಾರುವ ಜಾಹೀರಾತಿನ ಹಾಡುಗಳನ್ನು ಬಾಯಿಪಾಠ ಮಾಡುವ ಮಗುವು ಅಕ್ಷರಗಳನ್ನೇಕೆ ಅದರಿಂದಲೇ ಕಲಿಯಬಾರದು? ಇದೇ ಅವರ ತರ್ಕ. ಇದಕ್ಕೆ ತಗಲಿದ ಸುಮಾರು ೮೦ ಲಕ್ಷ ಡಾಲರುಗಳಲ್ಲಿ ಅರ್ಧದಷ್ಟು ಕೇಂದ್ರ ಸರಕಾರದ ಬೊಕ್ಕಸದಿಂದ ಬಂದಿತು. ಉಳಿದುದರಲ್ಲಿ ಹೆಚ್ಚಿನದನ್ನು ಕಾರ್ನೆಗಿ, ಫೋರ್ಡ್ ಮೊದಲಾದ ದತ್ತಿಸಂಸ್ಥೆಗಳು ಕೊಟ್ಟವು. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರಾಲ್ಡ್ ಲೆಸ್ಸರರಂಥ ಪಂಡಿತರು ಏನನ್ನು ಕಲಿಸಬೇಕೆಂಬುದನ್ನು ಗೊತ್ತುಪಡಿಸಿದರು. ಸಂಶೋಧಕರು ಮಗುವನ್ನು ಪೆಟ್ಟಿಗೆಯ ಮುಂದೆ ಕೂಡಿಸಿ, ಪಕ್ಕದಲ್ಲಿಯೇ ಬೇರೊಂದು ತೆರೆಯ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ಚಿತ್ರಗಳನ್ನಿಟ್ಟು, ಮಗುವಿನ ದೃಷ್ಟಿಯು ಯಾವ ಗಳಿಗೆಯಲ್ಲಿ ಅತ್ತ ಹೊರಳುವುದೆಂಬುದನ್ನು ಬರೆದುಕೊಳ್ಳುತ್ತಿದ್ದರು. ಹೊರಳಿದರೆ ತಪ್ಪು ಮಗುವಿನದಲ್ಲ, ಪಾಠದ್ದು, ಪಾಠವನ್ನೇ ತಿದ್ದಬೇಕು. ಗುರುವು ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡ ಈ ರೀತಿಯು ನಮ್ಮ ಮನಸ್ಸಿಗೆ ಬಹಳ ಹಿಡಿಸುತ್ತದೆ.

ದೂರದರ್ಶನಕ್ಕೆ ಒಂದು ಕೊರತೆಯಿದ್ದಿತು. ಅದು ಹೇಳುತ್ತದೆ, ಕೇಳುವುದಿಲ್ಲ. ಮಗುವಿನ ಉತ್ತರವು ಪೆಟ್ಟಿಗೆಯನ್ನು ಮುಟ್ಟುವಂತಿರಲಿಲ್ಲ. ಗಣಕಯಂತ್ರವು ಮನೆಗೆ ಬಂದ ಮೇಲೆ ಈ ಕೊರತೆಯು ನೀಗಿತು. ಶಾಲೆಗೆ ಸೇರುವ ಮೊದಲೇ ಮಕ್ಕಳನ್ನು ಕಲಿಕೆಗೆ ಅಣಿಗೊಳಿಸಬೇಕೆಂದು ೧೯೯೨ರಲ್ಲಿ ಅಲ್ಲಿಯ ಕಾಂಗ್ರೆಸ್ಸು 'ರೆಡಿ ಟು ಲರ್ನ್' ಎಂಬ ಕಾಯದೆಯನ್ನು ಮಾಡಿತು. ಅದರ ಕೆಳಗೆ ದೊರೆತ ಅನುದಾನದಿಂದ ಸಾರ್ವಜನಿಕ ಪ್ರಸಾರದವರು ಮೊದಲು ಕಾರ್ಯಕ್ರಮಗಳನ್ನೂ ಆಮೇಲೆ ಅವುಗಳಿಗೆ ಹೊಂದಿದ ಆಟಗಳನ್ನೂ ಸಿದ್ಧಪಡಿಸಿದರು. ಇಂದು ಪಿ.ಬಿ.ಎಸ್. ಕಿಡ್ಸ್ ಎಂಬ ಅವರ ಮಕ್ಕಳ ವಿಭಾಗದ ಆಟಗಳ ಆ್ಯಪಿನಲ್ಲಿ ಇನ್ನೂರಕ್ಕೂ ಮಿಕ್ಕಿದ ಕಿರು ಆಟಗಳಿವೆ. ಅದಕ್ಕೆ ಶುಲ್ಕವಿಲ್ಲ, ಆಟದ ನಡುವೆ ಕೊಳ್ಳಬೇಕಾದ ಸರಕೂ ಇಲ್ಲ. ೨೦೦೨ರಲ್ಲಿ ಹುಟ್ಟಿದ 'ಸೈಬರ್‌ಚೇಸ್' ಗಣಿತವನ್ನು ಕಲಿಸಿದರೆ, ೨೦೧೨ರಲ್ಲಿ ಬಂದ 'ಡೇನಿಯಲ್ ಟೈಗರ್' ಎಂಬ ಹುಲಿಮರಿಯು ಹಲ್ಲುಜ್ಜುವುದನ್ನೂ, ಮಲಗುವ ಮುನ್ನಿನ ಕ್ರಮವನ್ನೂ, ಸಿಟ್ಟು ಬಂದಾಗ ಅದನ್ನು ತಡೆದುಕೊಳ್ಳುವ ಬಗೆಯನ್ನೂ ಹೇಳಿಕೊಡುತ್ತದೆ.

ಇಂಥ ಆಟವೊಂದು ನಡೆಯುವ ಕ್ರಮವನ್ನು ನೋಡೋಣ. ಮಗುವಿಗೆ ಚಿರಪರಿಚಿತನಾದ ಕಥಾಪಾತ್ರನು ತೆರೆಯ ಮೇಲೆ ಬಂದು, ತನಗೆ ಐದು ಹಣ್ಣು ಬೇಕೆಂದು ಕೇಳುತ್ತಾನೆ. ಮಗುವು ನಾಲ್ಕನ್ನೇ ಇಟ್ಟರೆ ಆತನು ಗದರಿಸುವುದಿಲ್ಲ. ಇಟ್ಟುದನ್ನು ಮಗುವಿನೊಡನೆ ಎಣಿಸಿ, ಇನ್ನೊಂದು ಬೇಕಲ್ಲವೇ ಎನ್ನುತ್ತಾನೆ. ಮತ್ತೂ ತಪ್ಪಿದರೆ ಪ್ರಶ್ನೆಯು ಸುಲಭವಾಗುತ್ತದೆ. ಸರಿಯಾಗುತ್ತ ಹೋದರೆ ಒಂದೊಂದು ಮೆಟ್ಟಿಲು ಕಠಿನವಾಗುತ್ತದೆ. ಓದಲು ಬಾರದ ಮಗುವಿಗೆಂದು ಸೂಚನೆಗಳೆಲ್ಲ ಮಾತಿನಲ್ಲಿರುತ್ತವೆ. ನಾಲ್ಕಾರು ನಿಮಿಷಗಳಲ್ಲಿ ಆಟವು ಮುಗಿಯುತ್ತದೆ. ಒಳ್ಳೆಯ ಮಾಸ್ತರನು ಇದಕ್ಕಿಂತ ಬೇರೆ ಏನು ಮಾಡಿಯಾನು?

ಇದು ಬರಿಯ ಹೊಗಳಿಕೆಯೆಂದು ಯಾರೂ ಭಾವಿಸಬೇಕಾದುದಿಲ್ಲ. ಅಲಾಸ್ಕಾದ ಮೂಲನಿವಾಸಿಗಳ ಹುಡುಗಿಯನ್ನು ನಾಯಿಕೆಯಾಗಿ ಮಾಡಿಕೊಂಡು ೨೦೧೯ರಲ್ಲಿ ಮೊದಲಾದ 'ಮಾಲಿ ಆಫ್ ಡೆನಾಲಿ' ಎಂಬ ಮಾಲಿಕೆಯ ಕಥೆಗಳನ್ನೂ ಆಟಗಳನ್ನೂ ಒಂದನೆಯ ಇಯತ್ತೆಯ ಮಕ್ಕಳಿಗೆ ಒಂಬತ್ತು ವಾರಗಳ ಕಾಲ ಕೊಟ್ಟು, ಬೇರೆ ಮಕ್ಕಳೊಡನೆ ಹೋಲಿಸಿ ಪರೀಕ್ಷಿಸಿದರು. ನಕ್ಷೆ, ಸೂಚಿ, ತಯಾರಿಕೆಯ ವಿಧಾನ ಮೊದಲಾದ ಮಾಹಿತಿಯ ಬರಹಗಳನ್ನು ಓದಿ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಈ ಮಕ್ಕಳು ಮುಂದಾದುದು ಕಂಡುಬಂದಿತು. 'ಸೆಸಮೀ ಸ್ಟ್ರೀಟ್' ಕಾರ್ಯಕ್ರಮವು ಚೆನ್ನಾಗಿ ಕಾಣಿಸುತ್ತಿದ್ದ ಪ್ರದೇಶದ ಮಕ್ಕಳು, ಸರಿಯಾಗಿ ಕಾಣಿಸದ ಪ್ರದೇಶದವರಿಗಿಂತ, ತಮ್ಮ ವಯಸ್ಸಿಗೆ ತಕ್ಕ ಇಯತ್ತೆಯಲ್ಲಿ ಹಿಂದೆ ಬೀಳದೆ ನಡೆದರೆಂದು ಅರ್ಥಶಾಸ್ತ್ರಜ್ಞರಾದ ಮೆಲಿಸಾ ಕಾರ್ನಿ ಮತ್ತು ಫಿಲಿಪ್ ಲೆವಿನ್ನರು ೨೦೧೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದಾರೆ. ಬೊಕ್ಕಸದ ಹಣವು ನೀರಿನಲ್ಲಿ ಹೋಗಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ಇಷ್ಟು ಫಲ ಕೊಟ್ಟ ಗಿಡದ ಬುಡಕ್ಕೆ ೨೦೨೫ರಲ್ಲಿ ಕೊಡಲಿಯು ಬಿದ್ದಿತು. ಮೇ ತಿಂಗಳ ಮೊದಲಲ್ಲಿ ಅಧ್ಯಕ್ಷ ಟ್ರಂಪರು ಸಾರ್ವಜನಿಕ ಪ್ರಸಾರವು ಪಕ್ಷಪಾತಿಯೆಂದು ಹೇಳಿ, ಅದಕ್ಕೆ ಹಣ ಕೊಡಬಾರದೆಂದು ಆಜ್ಞೆ ಹೊರಡಿಸಿದರು. ಅದರ ಬೆನ್ನಿಗೇ ಶಿಕ್ಷಣ ಖಾತೆಯವರು ರೆಡಿ ಟು ಲರ್ನ್ ಅನುದಾನದಲ್ಲಿ ಉಳಿದಿದ್ದ ೨ ಕೋಟಿ ೩೦ ಲಕ್ಷ ಡಾಲರುಗಳನ್ನು ನಿಲ್ಲಿಸಿಬಿಟ್ಟರು. ಐದು ವರ್ಷದ ಯೋಜನೆಯ ಕೊನೆಯ ವರ್ಷದಲ್ಲಿ, ಅರ್ಧ ಕಟ್ಟಿದ ಮನೆಯ ಮೇಸ್ತ್ರಿಯನ್ನು ಅಟ್ಟಿದಂತೆ, ಈ ಕೆಲಸ ನಡೆಯಿತು. ಜುಲೈಯಲ್ಲಿ ಎರಡು ವರ್ಷಗಳಿಗೆಂದು ಮೊದಲೇ ಮಂಜೂರಾಗಿದ್ದ ೧೧೦ ಕೋಟಿ ಡಾಲರುಗಳನ್ನು ಕಾಂಗ್ರೆಸ್ಸು ಹಿಂದಕ್ಕೆ ಪಡೆಯಿತು. ಸೆನೇಟಿನಲ್ಲಿ ೫೧ಕ್ಕೆ ೪೮, ಕೆಳಮನೆಯಲ್ಲಿ ೨೧೬ಕ್ಕೆ ೨೧೩ ಮತಗಳು ಬಿದ್ದವು. ೧೯೬೯ರ ಮೇ ೧ರಂದು ಇದೇ ಸೆನೇಟಿನ ಸಮಿತಿಯ ಮುಂದೆ ಫ್ರೆಡ್ ರಾಜರ್ಸ್ ಎಂಬ ಮಕ್ಕಳ ಕಾರ್ಯಕ್ರಮದ ಸೌಮ್ಯ ಪುರುಷರು ಕೆಲವೇ ನಿಮಿಷ ಮಾತನಾಡಿ, ಕಠಿನರೆಂದು ಹೆಸರಾದ ಅಧ್ಯಕ್ಷ ಪಾಸ್ಟೋರೆಯವರ ಮನಸ್ಸನ್ನು ಕರಗಿಸಿ, ೨ ಕೋಟಿ ಡಾಲರುಗಳ ಅನುದಾನಕ್ಕೆ ಬೆಂಬಲ ಪಡೆದಿದ್ದರು. ಆ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರವನ್ನು ಮೇಲಣ ಅಂಕಿಗಳೇ ಹೇಳುತ್ತವೆ.

ಸರಕಾರದ ಪಕ್ಷದವರ ವಾದವನ್ನು ನಾವು ಅಲಕ್ಷಿಸುವುದಿಲ್ಲ. ಸುದ್ದಿಯಲ್ಲಿ ಪಕ್ಷಪಾತವಿದ್ದರೆ ತೆರಿಗೆ ಕೊಡುವವನು ಪ್ರಶ್ನಿಸಲು ಹಕ್ಕುಳ್ಳವನೇ ಸರಿ. ಆದರೆ ಐದು ಹಣ್ಣು ಎಣಿಸುವ ಆಟದಲ್ಲಿ ಯಾವ ಪಕ್ಷ, ಯಾವ ಪಾತ? ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯುವ ವೈದ್ಯವಿದು. ಅವರ ಎರಡನೆಯ ವಾದವು ಇದಕ್ಕಿಂತ ಬಲವಾದುದು. ೧೯೬೭ರಲ್ಲಿ ದೂರದರ್ಶನದ ವಾಹಿನಿಗಳು ಬೆರಳಿಣಿಕೆಯಷ್ಟಿದ್ದವು. ಇಂದು ಮಕ್ಕಳ ಆಟಗಳು ಲೆಕ್ಕವಿಲ್ಲದಷ್ಟಿವೆ, ಖಾಸಗಿಯವರೇ ಬೇಕಾದಷ್ಟು ಮಾಡಿಕೊಡುವಾಗ ಸರಕಾರಕ್ಕೆ ಈ ಉಸಾಬರಿ ಏಕೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಆಟಗಳು ವಿಪುಲವಾಗಿವೆಯೆಂಬುದು ನಿಜ. ಅವು ಎಂಥವು? ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಐದು ವರ್ಷದೊಳಗಿನ ಮಕ್ಕಳು ಬಳಸುವ ೧೩೫ ಆ್ಯಪುಗಳನ್ನು ಆಡಿ ನೋಡಿ ೨೦೧೮ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಶೇಕಡಾ ೯೫ರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇದ್ದಿತು. ಆಟವನ್ನು ನಡುವೆ ತಡೆದು ಜಾಹೀರಾತು ತೋರಿಸುವುದು, ಒಳ್ಳೆಯ ಆಟಿಕೆಗೆ ಬೀಗ ಹಾಕಿ ಮಗುವಿನ ಕಣ್ಣಿಗೆ ಕಾಣುವಂತೆ ಇಡುವುದು, ಕೊಳ್ಳದಿದ್ದರೆ ಕಥಾಪಾತ್ರವೇ ಮುಖ ಸಪ್ಪಗೆ ಮಾಡಿಕೊಳ್ಳುವುದು, ಇವು ಅವರು ಕಂಡ ರೀತಿಗಳು. ಮಕ್ಕಳು ಪಾಲಕರ ಅನುಮತಿಯಿಲ್ಲದೆ ಆಟದೊಳಗೆ ಮಾಡಿದ ಖರೀದಿಗಳ ಸಂಬಂಧವಾಗಿ ೨೦೧೪ರಲ್ಲಿ ಆಪಲ್ ಕಂಪನಿಯು ಕನಿಷ್ಠ ೩ ಕೋಟಿ ೨೫ ಲಕ್ಷ ಡಾಲರುಗಳನ್ನು ಗಿರಾಕಿಗಳಿಗೆ ಹಿಂದಿರುಗಿಸಲು ಅಮೇರಿಕದ ಫೆಡರಲ್ ವ್ಯಾಪಾರ ಆಯೋಗದೊಡನೆ ಒಪ್ಪಿಕೊಂಡಿತು. ಹದಿಮೂರು ವರ್ಷದೊಳಗಿನವರ ಮಾಹಿತಿಯನ್ನು ಕಾಯುವ ೧೯೯೮ರ ಕಾಯದೆಯನ್ನು ಮೀರಿದ ಆಪಾದನೆಯಿಂದ ಗೂಗಲ್ ಮತ್ತು ಯೂಟ್ಯೂಬುಗಳು ೨೦೧೯ರಲ್ಲಿ ೧೭ ಕೋಟಿ ಡಾಲರು ತೆರಲು ಒಪ್ಪಬೇಕಾಯಿತು. ಖಾಸಗಿಯವರೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಮಗುವು ಎಷ್ಟು ಕಲಿಯಿತೆಂಬುದನ್ನು ಅಳೆಯುವವನು ಒಂದು ಬಗೆಯ ಆಟವನ್ನು ಕಟ್ಟುತ್ತಾನೆ, ಮಗುವು ಎಷ್ಟು ಹೊತ್ತು ಕುಳಿತಿತೆಂಬುದನ್ನು ಅಳೆಯುವವನು ಬೇರೊಂದು ಬಗೆಯದನ್ನು ಕಟ್ಟುತ್ತಾನೆಂದಷ್ಟೇ ಹೇಳುತ್ತೇವೆ.

ಅಮೇರಿಕವು ಈ ಪಾಠವನ್ನು ಹಿಂದೆ ಒಮ್ಮೆ ಕಲಿತಿತ್ತು. ೧೯೮೪ರಲ್ಲಿ ಮಕ್ಕಳ ಕಾರ್ಯಕ್ರಮಗಳ ಜಾಹೀರಾತಿನ ಮಿತಿಯನ್ನು ಅಲ್ಲಿಯ ಪ್ರಸಾರ ನಿಯಂತ್ರಕರು ತೆಗೆದುಹಾಕಿದರು. ಮಾರುಕಟ್ಟೆಯೇ ಎಲ್ಲವನ್ನೂ ಸರಿಪಡಿಸುವುದೆಂಬ ನಂಬಿಕೆ ಆಗಿನದು. ಪರಿಣಾಮವಾಗಿ ಕಥೆಯಿಂದ ಆಟಿಕೆ ಹುಟ್ಟುವುದರ ಬದಲು, ಅಂಗಡಿಯ ಆಟಿಕೆಯನ್ನು ಮಾರುವುದಕ್ಕಾಗಿಯೇ ಕಥೆ ಕಟ್ಟುವ ಕಾಲ ಬಂದಿತು. ಕಾರ್ಯಕ್ರಮವೇ ಅರ್ಧ ಗಂಟೆಯ ಜಾಹೀರಾತಾಯಿತು. ಕೊನೆಗೆ ೧೯೯೦ರಲ್ಲಿ ಕಾಂಗ್ರೆಸ್ಸೇ ಕಾಯದೆ ಮಾಡಿ, ಜಾಹೀರಾತಿಗೆ ವಾರದ ದಿನಗಳಲ್ಲಿ ಗಂಟೆಗೆ ೧೨ ನಿಮಿಷ, ಶನಿವಾರ ಭಾನುವಾರಗಳಲ್ಲಿ ಹತ್ತೂವರೆ ನಿಮಿಷ ಎಂದು ಮಿತಿ ಹಾಕಬೇಕಾಯಿತು.

ಈ ವಿಷಯದಲ್ಲಿ ನಮ್ಮ ಮುಖ್ಯವಾದ ಮಾತು ಇನ್ನು ಮೇಲಿದೆ. ದೂರದರ್ಶನದ ಮಾಲಿಕೆಯಿಂದ ಹುಟ್ಟಿದ ಆಟಕ್ಕೆ ಬೇರೆ ಆಟಗಳಿಗಿಲ್ಲದ ಒಂದು ಶಕ್ತಿಯುಂಟು. ಅದು ಪರಿಚಯದ ಶಕ್ತಿ. ಮಗುವು ಆ ಹುಲಿಮರಿಯನ್ನು ನೂರು ಸಲ ಕಂಡಿದೆ, ಅದರೊಡನೆ ನಕ್ಕಿದೆ, ಅದರ ಅಳಲಿಗೆ ತಾನೂ ಅತ್ತಿದೆ. ಆದುದರಿಂದ ಆಟದಲ್ಲಿ ಅದು ಹೇಳಿದುದನ್ನು ಗೆಳೆಯನ ಮಾತೆಂದು ನಂಬುತ್ತದೆ. ಕಲಿಸುವವನಿಗೆ ಇಂಥ ನಂಬಿಕೆಗಿಂತ ದೊಡ್ಡ ಬಂಡವಾಳವಿಲ್ಲ, ಮಾರುವವನಿಗೂ ಇಲ್ಲ! ಬಾಗಿಲು ಒಂದೇ, ಒಳಬರುವವರು ಇಬ್ಬರು. ಆ ಬಂಡವಾಳವಾದರೋ ಐವತ್ತು ವರ್ಷಗಳಿಗೂ ಮಿಕ್ಕಿ ಜನರ ತೆರಿಗೆಯಿಂದಲೂ ದಾನಿಗಳ ವರ್ಗಣಿಯಿಂದಲೂ ಕೂಡಿಬಂದುದು. ಅದನ್ನು ಕೂಡಿಸಿದವರು ಕೈಬಿಟ್ಟರೆ, ಕೂಡಿಸದವರ ಕೈಗೆ ಅದು ಹೋಗುವುದು ಅನಿವಾರ್ಯ.

'ಸೆಸಮೀ ಸ್ಟ್ರೀಟಿ'ನ ಇತ್ತೀಚಿನ ಚರಿತ್ರೆಯೇ ಇದಕ್ಕೆ ನಿದರ್ಶನ. ಸಾರ್ವಜನಿಕ ವಾಹಿನಿಯಲ್ಲಿ ಬೆಳೆದ ಆ ಕಾರ್ಯಕ್ರಮದ ಹೊಸ ಕಂತುಗಳು ೨೦೧೬ರಿಂದ ಎಚ್.ಬಿ.ಓ. ಎಂಬ ಹಣ ಕೊಟ್ಟು ನೋಡುವ ವಾಹಿನಿಯ ಪಾಲಾದವು. ಬಡವರ ಮಕ್ಕಳು ತಿಂಗಳುಗಟ್ಟಲೆ ಕಾದು ಅವನ್ನು ನೋಡಬೇಕಾಯಿತು. ೨೦೨೪ರ ಕೊನೆಗೆ ಆ ಕಂಪನಿಯವರು ಒಪ್ಪಂದವನ್ನು ಮುಂದುವರಿಸಲಿಲ್ಲ. ೨೦೨೫ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯು ಮುಂದೆ ಬಂದಿತು. ಹೊಸ ಕಂತುಗಳು ಅದೇ ದಿನ ಸಾರ್ವಜನಿಕ ವಾಹಿನಿಯಲ್ಲಿಯೂ ಬರಬೇಕೆಂಬ ಕರಾರಾದುದು ಸಂತೋಷದ ಸಂಗತಿ. ಆದರೆ ಆ ಪಾತ್ರಗಳಿಂದ ಆಟಗಳನ್ನು ರಚಿಸುವ ಅವಕಾಶವೂ ಕಂಪನಿಗೆ ದೊರೆತಿದೆ. ಈ ಕಂಪನಿಯ ಆಟಗಳಲ್ಲಿ ಜಾಹೀರಾತಾಗಲಿ ಒಳಗಿನ ಖರೀದಿಯಾಗಲಿ ಇಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಚಂದಾ ಕೊಡುವವನಿಗಷ್ಟೇ ಅವು ದೊರೆಯುತ್ತವೆಂಬುದನ್ನೂ ಹೇಳಬೇಕು. ಶಿಶುವಿಹಾರಕ್ಕೆ ಶುಲ್ಕ ಕೊಡಲಾರದವರ ಮಗುವಿಗೆಂದು ಹುಟ್ಟಿದ ಪಾತ್ರವು ಚಂದಾ ಕೊಡುವವರ ಮಗುವಿನ ಜೊತೆಗಾರನಾಗುವುದರಲ್ಲಿ ಒಂದು ದುಃಖದ ವ್ಯಂಗ್ಯವಿದೆ.

ಸಿದ್ಧವಾದ ಆಟಗಳು ಇದ್ದೇ ಇವೆಯಲ್ಲ, ಅನುದಾನ ನಿಂತರೆ ಹೊಸವು ಬಾರದಿರಬಹುದು, ಹಳೆಯವು ಎಲ್ಲಿಗೆ ಹೋದಾವು ಎನ್ನುವವರೂ ಇದ್ದಾರೆ. ಪುಸ್ತಕವಾದರೆ ಕಪಾಟಿನಲ್ಲಿ ಐವತ್ತು ವರ್ಷ ಕುಳಿತರೂ ತೆರೆದೊಡನೆ ಓದಬಹುದು. ಗಣಕಯಂತ್ರದ ಆಟ ಹಾಗಲ್ಲ. ಅದು ನಡೆಯುವ ಯಂತ್ರವೂ ಯಂತ್ರದ ಭಾಷೆಯೂ ವರ್ಷವರ್ಷಕ್ಕೆ ಬದಲಾಗುತ್ತವೆ. ಅಂತರ್ಜಾಲದ ಮಕ್ಕಳ ಆಟಗಳಲ್ಲಿ ಬಹುಸಂಖ್ಯೆಯವು ಒಂದು ಕಾಲಕ್ಕೆ 'ಫ್ಲಾಶ್' ಎಂಬ ಸಾಧನದಿಂದ ನಡೆಯುತ್ತಿದ್ದವು. ೨೦೨೦ರ ಡಿಸೆಂಬರ ೩೧ರಂದು ಅಡೋಬಿ ಕಂಪನಿಯು ಅದಕ್ಕೆ ತನ್ನ ಬೆಂಬಲವನ್ನು ನಿಲ್ಲಿಸಿತು. ಹನ್ನೆರಡೇ ದಿನಗಳಲ್ಲಿ ಅದು ನಡೆಯದಂತೆಯೂ ಮಾಡಿತು. ಹಣವುಳ್ಳವರು ತಮ್ಮ ಆಟಗಳನ್ನು ಹೊಸ ರೀತಿಗೆ ತಿದ್ದಿಕೊಂಡರು. ಕೆಲವನ್ನು ಹವ್ಯಾಸಿಗಳು ಕಾಪಾಡಿದರು. ಮಿಕ್ಕವು ಹೇಳಹೆಸರಿಲ್ಲದಾದವು. ಕೆರೆ ಕಟ್ಟಿಸಿದರೆ ಸಾಲದು, ವರ್ಷವರ್ಷವೂ ಹೂಳು ತೆಗೆಸಬೇಕೆಂಬುದನ್ನು ನಮ್ಮ ಹಳ್ಳಿಯವನೂ ಬಲ್ಲ.

ಎಳೆಯ ಮಕ್ಕಳ ಕೈಗೆ ತೆರೆಯನ್ನು ಕೊಡುವುದೇ ತಪ್ಪಲ್ಲವೇ ಎಂದು ಕೇಳುವ ಹಿರಿಯರ ಆತಂಕವು ನಿರಾಧಾರವಾದುದಲ್ಲ. ಎರಡು ವರ್ಷದೊಳಗಿನ ಕೂಸುಗಳನ್ನು ತೆರೆಯ ಮುಂದೆ ಕೂಡಿಸುವುದು ಯೋಗ್ಯವಲ್ಲ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೇಳಿದೆ. ನಾವು ಇದನ್ನು ಒಪ್ಪುತ್ತೇವೆ. ಅಂಗಳದ ಧೂಳಿಗೆ ಯಾವ ಗಾಜೂ ಸಾಟಿಯಲ್ಲ. ಆದರೆ ಆ ಒಂದು ಗಂಟೆ ಎಷ್ಟು ಸ್ವಲ್ಪವೋ ಅಷ್ಟೇ ಅಮೂಲ್ಯ. ಮಗುವಿಗೆ ಅನ್ನವನ್ನು ಅಳೆದು ಹಾಕುವ ತಾಯಿಯು ಆ ಅನ್ನದಲ್ಲಿ ಕಲ್ಲಿರದಂತೆಯೂ ನೋಡಿಕೊಳ್ಳುತ್ತಾಳೆ.

ಈ ಸಂಗತಿಯು ಸಮುದ್ರದಾಚೆಯದೆಂದು ನಾವು ಸುಮ್ಮನಿರಲಾಗದು. 'ಸೆಸಮೀ ಸ್ಟ್ರೀಟ್' ೨೦೦೬ರಲ್ಲಿ 'ಗಲಿ ಗಲಿ ಸಿಮ್ ಸಿಮ್' ಎಂಬ ಹೆಸರಿನಿಂದ ನಮ್ಮ ದೇಶಕ್ಕೂ ಬಂದಿತು. ಚಮ್ಕಿ ಎಂಬ ಬಾಲಕಿಯ ಗೊಂಬೆಯು ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಸಂಗಾತಿಯಾಯಿತು. ೨೦೦೮ರಲ್ಲಿ ಹೈದರಾಬಾದಿನಿಂದ ಹೊರಟ 'ಛೋಟಾ ಭೀಮ'ನನ್ನು ಅರಿಯದ ಮನೆಯಿಲ್ಲ. ೨೦೦೯ರಲ್ಲಿ ಕನ್ನಡದ ಮಕ್ಕಳಿಗೆಂದೇ 'ಚಿಂಟು' ವಾಹಿನಿ ಹುಟ್ಟಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿದ್ದೆಡೆಯಲ್ಲೆಲ್ಲ ಕನಿಷ್ಠ ಐದನೆಯ ಇಯತ್ತೆಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ. ೨೦೨೩ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯದೆಯು ಹದಿನೆಂಟು ವರ್ಷದೊಳಗಿನವರನ್ನು ಬೆನ್ನಟ್ಟಿ ಅವರ ಚಟುವಟಿಕೆಗಳನ್ನು ಗುರುತಿಸುವುದನ್ನೂ, ಅವರನ್ನು ಗುರಿಯಾಗಿಸಿ ಜಾಹೀರಾತು ಕೊಡುವುದನ್ನೂ ನಿಷೇಧಿಸಿದೆ. ಅದರ ನಿಯಮಗಳು ೨೦೨೫ರ ನವೆಂಬರದಲ್ಲಿ ಪ್ರಕಟವಾಗಿವೆ. ಬೇಲಿಯ ಕೆಲಸವು ಹೀಗೆ ಮೊದಲಾಗಿದೆ. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬಾರದು. ಮಗುವಿನ ಮನೆಮಾತಿನಲ್ಲಿ, ಮಗುವಿಗೆ ಪರಿಚಿತವಾದ ಪಾತ್ರಗಳಿಂದ, ಶುಲ್ಕವಿಲ್ಲದೆ, ಪರೀಕ್ಷಿಸಿ ತಿದ್ದಿದ ಆಟಗಳನ್ನು ಕಟ್ಟುವವರು ಬೇಕು. ಅದಕ್ಕೆ ವರ್ಷವರ್ಷವೂ ಹಣ ಕೊಡುವವರು ಬೇಕು. ಇದನ್ನು ಮಾರುಕಟ್ಟೆಯು ತಾನಾಗಿ ಮಾಡಲಾರದೆಂಬುದಕ್ಕೆ ಅಮೇರಿಕದಷ್ಟು ಶ್ರೀಮಂತ ದೇಶದ ಚರಿತ್ರೆಯೇ ಸಾಕ್ಷಿ.

ಅಲ್ಲಿಯ ಆಟಗಳು ನಾಳೆಯೇ ಅಳಿದುಹೋಗುವುವೆಂದು ನಾವು ಭಾವಿಸುವುದಿಲ್ಲ. ಪಿ.ಬಿ.ಎಸ್. ಸಂಸ್ಥೆಯ ಆದಾಯದಲ್ಲಿ ಕೇಂದ್ರ ಸರಕಾರದ ಪಾಲು ಶೇಕಡಾ ೧೫ರಷ್ಟು ಮಾತ್ರವೇ ಇದ್ದಿತು. ಮಿಕ್ಕುದು ವೀಕ್ಷಕರ ವರ್ಗಣಿ ಮತ್ತು ದತ್ತಿಗಳಿಂದ ಬರುತ್ತದೆ. ಜನರು ಕೈನೀಡಿದರೆ ದೀಪವು ಉರಿದೀತು. ಆದರೆ ಆ ಶೇಕಡಾ ೧೫ರಲ್ಲಿ ಹಣಕ್ಕಿಂತ ಹೆಚ್ಚಿನದೊಂದು ಇದ್ದಿತು. ನಾಡಿನ ಕೂಸುಗಳ ಕಲಿಕೆಯು ನಾಡಿನ ಹೊಣೆಯೆಂಬ ಒಪ್ಪಿಗೆ ಅದರಲ್ಲಿದ್ದಿತು. ಬೊಕ್ಕಸದ ಹಣವು ಇನ್ನೊಂದು ಸಲ ಬಂದೀತು, ಕೈಬಿಟ್ಟ ಹೊಣೆಯನ್ನು ಮತ್ತೆ ಹೊರುವವರು ಸುಲಭವಾಗಿ ಸಿಕ್ಕುವುದಿಲ್ಲ. ನಮ್ಮ ಸರಕಾರದವರೂ ಶಿಕ್ಷಣದ ಹಿತಚಿಂತಕರೂ ಪಾಲಕರೂ ಇದನ್ನು ಈಗಲೇ ಮನಗಾಣಲಿ. ಮಗುವಿನ ಕೈಯ ಗಾಜಿನೊಳಗಿಂದ ಯಾವುದೋ ಒಂದು ಮುಖವು ನಕ್ಕು ಅದನ್ನು ಕರೆಯುತ್ತದೆ. ಆ ನಗೆಯ ಕೂಲಿಯನ್ನು ಯಾರು ಕೊಡುತ್ತಿದ್ದಾರೆಂದು ಕೇಳುವುದು ಮಗುವಿನಿಂದಾಗದು. ಅದನ್ನು ನಾವೇ ಕೇಳಬೇಕು.